ಡಬ್ಬಿಯಲ್ಲಿ ಇಲ್ಲದ ಹೆಸರುಗಳು

ಸೆಪ್ಟೆಂಬರ್ 2, ಸೋಮವಾರ

ಮೂರನೇ ತರಗತಿಗೆ ಇವತ್ತೂ ಗುಂಡಿಗಳೇ. ಬಟ್ಟೆಚೀಲದಲ್ಲಿ ಏಳು ಕೆಂಪು, ಮೂರು ನೀಲಿ. ಕೈ ಹಾಕುವ ಮೊದಲು ಹೇಳಬೇಕು — ಯಾವುದು ಬರಬಹುದು? ಬೋರ್ಡಿನ ಮೇಲೆ ಮೂರು ಮಾತು: ‘ಖಂಡಿತ’, ‘ಬರಬಹುದು’, ‘ಸಾಧ್ಯವೇ ಇಲ್ಲ’. ಯಾಕಮ್ಮ (ಎಲ್ಲದಕ್ಕೂ ‘ಯಾಕೆ ಮಿಸ್’ ಅನ್ನುವವಳು, ಆ ಹೆಸರು ಇಟ್ಟವಳು ನಾನೇ) ಹಸಿರು ಬರುತ್ತೆ ಅಂದಳು. ಹಸಿರು ಚೀಲದಲ್ಲೇ ಇಲ್ಲವಲ್ಲೇ ಅಂದೆ. ‘ಹಾಕಿದ್ರೆ ಬರುತ್ತೆ ಅಲ್ವಾ ಮಿಸ್.’ ತರಗತಿಯೆಲ್ಲ ನಕ್ಕಿತು. ನಾನೂ.

ಸಾಯಂಕಾಲ ಇವರಿಗೆ ಹೇಳಿದೆ. ಸ್ಕೂಟರ್ ಓಡಿಸುತ್ತಲೇ ನಕ್ಕರು. ಒಂದೇ ಶಾಲೆ, ಒಂದೇ ಸ್ಕೂಟರ್ — ನಾನು ತರಗತಿಗೆ, ಇವರು ಆಫೀಸಿನ ಗುಮಾಸ್ತರ ಕುರ್ಚಿಗೆ. ಹನ್ನೊಂದು ವರ್ಷದ ಸಂಸಾರದಲ್ಲಿ ದಾರಿಯ ಮಾತೇ ಹೆಚ್ಚು.

ಸೆಪ್ಟೆಂಬರ್ 6, ಶುಕ್ರವಾರ

ಹೆಡ್‌ಮಿಸ್ ಕರೆಸಿದ್ದರು. ತಾರಾಲಯಕ್ಕೆ ಪ್ರವಾಸ. ನಮ್ಮ ತರಗತಿಗೆ ಇಪ್ಪತ್ತೇ ಸೀಟು, ಮಕ್ಕಳು ಮೂವತ್ತೆರಡು. ‘ಚೀಟಿ ಎತ್ತಿಬಿಡೋಣ. ನೀವೇ ಎತ್ತಿ. ಲಕ್ಕು ಗಿಕ್ಕು ಎಲ್ಲ ನಿಮ್ಮ ಡಿಪಾರ್ಟ್‌ಮೆಂಟೇ ಅಲ್ವಾ. ನೀವು ಎತ್ತಿದ್ರೆ ಯಾವ ತಂದೆತಾಯೀನೂ ಕಮಕ್ ಕಿಮಕ್ ಅನ್ನಲ್ಲ.’ ಹಿಗ್ಗಿದೆ. ಚೀಟಿ ಬರೆದು ಮಡಿಸುವ ಕೆಲಸ ಇವರಿಗೆ.

ಸೆಪ್ಟೆಂಬರ್ 12, ಗುರುವಾರ

ಎತ್ತಿದ್ದಾಯಿತು. ಬಿಸ್ಕತ್ತಿನ ಡಬ್ಬಿ. ಇವರು ತಂದು ಮೇಜಿನ ಮೇಲಿಟ್ಟು ಬಾಗಿಲ ಬಳಿ ನಿಂತರು. ಮಕ್ಕಳ ಮುಂದೆ ಭಾಷಣ ಬಿಗಿದೆ — ಎಲ್ಲರಿಗೂ ಸಮ ಅವಕಾಶ, ಡಬ್ಬಿಗೆ ಕಣ್ಣಿಲ್ಲ, ಯಾರ ಮೇಲೂ ಅಕ್ಕರೆಯಿಲ್ಲ, ಸಿಟ್ಟಿಲ್ಲ. ಚೆನ್ನಾಗಿ ಅಲ್ಲಾಡಿಸಿ ಒಂದೊಂದೇ ತೆಗೆದೆ. ಯಾಕಮ್ಮ ಬರಲಿಲ್ಲ. ರೈಲುಗಾಡಿಯೂ (ಒಂದು ನಿಮಿಷ ಕೂತಲ್ಲಿ ಕೂರದ ಹುಡುಗ) ಬರಲಿಲ್ಲ. ಅತ್ತ. ತಲೆ ಸವರಿ ‘ಇದು ಯಾರ ತಪ್ಪೂ ಅಲ್ಲ ಕಣೋ, ಆಕಸ್ಮಿಕ’ ಅಂದೆ. ನಂಬಿದ. ನಂಬಿ ಕಣ್ಣೊರೆಸಿಕೊಂಡ.

ಸೆಪ್ಟೆಂಬರ್ 13, ಶುಕ್ರವಾರ

ಉಳಿದ ಚೀಟಿಯಲ್ಲೇ ಪಾಠ ಮಾಡೋಣ ಅಂತ ಆಫೀಸಿನಿಂದ ಡಬ್ಬಿ ತಂದೆ. ಇವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು — ಇದ್ದಿದ್ದರೆ ಕೊಡುತ್ತಿರಲಿಲ್ಲವೇನೋ. ಉಳಿಯಬೇಕಾದದ್ದು ಹನ್ನೆರಡು. ಮುಂದಿನ ಚೀಟಿ ಹುಡುಗಿಯದೇ ಆಗುವ ಸಾಧ್ಯತೆ ಎಷ್ಟು? ಅದು ಪಾಠ. ಮೇಜಿನ ಮೇಲೆ ಸುರಿದು, ಸೀಟು ಸಿಗದವರೆಲ್ಲ ಬಂದು ನಿಮ್ಮ ನಿಮ್ಮ ಚೀಟಿ ಎತ್ತಿಕೊಳ್ಳಿ ಅಂದೆ.

ಏಳೇ ಚೀಟಿ.

ಏಳು ಮಕ್ಕಳು ತಮ್ಮದು ಹಿಡಿದು ಹೋಗಿ ಕೂತರು. ಐವರು ಮೇಜಿನ ಬಳಿಯೇ ಉಳಿದರು. ರೈಲುಗಾಡಿ ಮೇಜಿನ ಕೆಳಗೆ ತೂರಿ ಹುಡುಕಿದ. ಯಾಕಮ್ಮ ಖಾಲಿ ಡಬ್ಬಿಯೊಳಗೆ ಕೈಯಾಡಿಸಿದಳು. ಮುಚ್ಚಳ ತಿರುವಿ ನೋಡಿದಳು. ‘ಮಿಸ್, ನನ್ನ ಹೆಸ್ರು ಬರೆಯೋಕೆ ಮರ್ತುಬಿಟ್ರಾ?’ ಯಾಕೆ ಅಂತ ಕೇಳಲಿಲ್ಲ.

ಎಲ್ಲೋ ಬಿದ್ದಿರಬೇಕು ಅಂದೆ. ಐದೂ ಬಿದ್ದವೇ... ಅದೂ ಈ ಐದೇ? ಕೂರದವನು. ಪ್ರಶ್ನೆ ಕೇಳುವವಳು. ಇನ್ನೂ ಕೂಡಿಸಿ ಓದಲು ಬಾರದವಳು. ಎರಡು ಸಲ ಚಡ್ಡಿ ಒದ್ದೆ ಮಾಡಿಕೊಂಡವನು. ಹೆಡ್‌ಮಿಸ್ ಜೊತೆ ಜಗಳವಾಡಿದ ತಾಯಿಯ ಮಗಳು. ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ.

ಅದೇ ದಿನ, ಸಾಯಂಕಾಲ 6

ಕೇಳಿದೆ. ದವಡೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದರು.

‘ಹೆಡ್‌ಮಿಸ್ ಹೇಳಿದ್ರು. ಆ ಐದು ಜನಾನ ಕರ್ಕೊಂಡು ಹೋದ್ರೆ ಅಲ್ಲಿ ಸಂಭಾಳಿಸೋರು ಯಾರು ಅಂತ.’

‘ನಂಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಡಬ್ಬಿ ಮುಟ್ತಿದ್ಯಾ?’

‘ಇಲ್ಲ.’

‘ಅದಕ್ಕೇ. ನೀನು ಎತ್ತಿದ್ರೆ ಎಲ್ರೂ ನಂಬ್ತಾರೆ. ಆದ್ರೆ ಗೊತ್ತಿದ್ದೂ ಎತ್ತಿದ್ರೆ ನಿನ್ನ ಮುಖವೇ ಹೇಳಿಬಿಡ್ತಿತ್ತು. ದೊಡ್ಡದು ಮಾಡ್ಬೇಡ ಕಣೇ, ಒಂದಿನದ ಪ್ರವಾಸ.’

ಹೆಡ್‌ಮಿಸ್ ಮಾಡಿದ್ದಕ್ಕೆ ಸಿಟ್ಟಿದೆ, ಅಷ್ಟೇ. ಇವರ ಮೇಲಿನದು ಸಿಟ್ಟಲ್ಲ. ನನ್ನ ಮೇಲೆ ಜನಕ್ಕಿರುವ ನಂಬಿಕೆ ಎಷ್ಟು, ನನಗೆ ಸುಳ್ಳು ಎಷ್ಟು ಬಾರದು — ಜೊತೆಯಲ್ಲಿ ಬಾಳಿ ತಿಳಿದುಕೊಂಡದ್ದು ಇದು. ಅದನ್ನೇ ತೆಗೆದುಕೊಂಡು ಹೋಗಿ ಆಫೀಸಿಗೆ ಕೊಟ್ಟ. ಒಂದು ಮಾತು ಕೇಳದೆ.

‘ಕೊಟ್ಟ’ ಅಂತ ಬರೆದಿದ್ದೇನೆ. ಇವರನ್ನು ಇಷ್ಟು ವರ್ಷದಲ್ಲಿ ಏಕವಚನದಲ್ಲಿ ಬರೆದವಳಲ್ಲ. ಇರಲಿ. ಹೊಡೆದುಹಾಕುವುದಿಲ್ಲ.

ಸೆಪ್ಟೆಂಬರ್ 18, ಬುಧವಾರ

ಬರೆಯಲು ಮನಸ್ಸಾಗಲಿಲ್ಲ. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.

ಸೋಮವಾರ ಹೆಡ್‌ಮಿಸ್ ಹತ್ತಿರ ಹೋದೆ. ‘ಡಬ್ಬಿ ಅಲ್ಲಾಡಿಸಿದ್ದು ನೀವು’ ಅಂದರು, ಕನ್ನಡಕ ಒರೆಸುತ್ತ. ಮತ್ತೆ ಎತ್ತಿಸಿ, ಇಲ್ಲಾಂದ್ರೆ ಐದೂ ಮನೆಗೆ ನಾನೇ ಹೋಗಿ ಹೇಳ್ತೀನಿ ಅಂದೆ. ‘ಚೀಟಿ ಬರೆದದ್ದು ನಿಮ್ಮ ಯಜಮಾನ್ರು. ಯೋಚನೆ ಮಾಡಿ.’ ಮಾಡಿಯೇ ಬಂದಿದ್ದೀನಿ ಅಂದೆ. ಕನ್ನಡಕ ಹಾಕಿಕೊಂಡರು. ಒಪ್ಪಿದರು.

ಇವತ್ತು ಎತ್ತಿದೆವು. ಮೊದಲು ಮಕ್ಕಳಿಗೆ ಹೇಳಿದೆ: ಮರೆತದ್ದಲ್ಲ, ಬಿದ್ದದ್ದಲ್ಲ, ಬೇಕೆಂದೇ ಬಿಟ್ಟಿದ್ದರು. ನನಗೆ ಗೊತ್ತಿರಲಿಲ್ಲ. ಅವರವರ ಹೆಸರು ಅವರವರೇ ಬರೆದು ಹಾಕಿದರು. ರೈಲುಗಾಡಿ ಬಂದ, ಬೆಂಚಿನಿಂದ ಬೆಂಚಿಗೆ ಹಾರಿದ. ಆವತ್ತು ಸೀಟು ಸಿಕ್ಕಿದ್ದ ಹುಡುಗಿಯೊಬ್ಬಳಿಗೆ ಇವತ್ತು ತಪ್ಪಿತು. ಪಾಠ ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ. ಯಾಕಮ್ಮ ಈ ಸಲವೂ ಬರಲಿಲ್ಲ.

‘ಈ ಸಲ ನಾನಿದ್ದೆ ಅಲ್ವಾ ಮಿಸ್?’

‘ಇದ್ದೆ ಕಣೇ.’

‘ನಿಮಗೆ ಗೊತ್ತಾ, ಇಲ್ಲಾ ಆವತ್ತಿನ ಹಾಗೇನಾ?’

ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ.

ಸೆಪ್ಟೆಂಬರ್ 22, ಭಾನುವಾರ, ಬೆಳಿಗ್ಗೆ 9

ಪ್ರವಾಸ ನಿನ್ನೆ ಮುಗಿಯಿತು. ನಾನೇ ಕರೆದುಕೊಂಡು ಹೋಗಿದ್ದೆ. ಯಾರೂ ಕಳೆದುಹೋಗಲಿಲ್ಲ, ಯಾರ ಚಡ್ಡಿಯೂ ಒದ್ದೆಯಾಗಲಿಲ್ಲ. ರೈಲುಗಾಡಿ ತಾರಾಲಯದ ಕತ್ತಲೆಯಲ್ಲಿ ಕತ್ತು ಎತ್ತಿಕೊಂಡು, ಆಟ ಮುಗಿಯುವವರೆಗೂ ಅಲುಗದೆ ಕೂತಿದ್ದ. ಮನೆಗೆ ಬಂದು ಹೇಳಲು ಬಾಯಿ ತೆರೆದೆ... ಮುಚ್ಚಿಕೊಂಡೆ.

ಈಗ ಚಹಾ ತಂದಿಟ್ಟಿದ್ದಾನೆ. ‘ತಪ್ಪಾಯ್ತು ಅಂದೆನಲ್ಲ. ಇನ್ನೂ ಎಷ್ಟು ದಿನ ಹೀಗೆ?’

ದಿನದ ಮಾತಲ್ಲ. ಅಷ್ಟು ಸಲೀಸಾಗಿ ಬಾಗಿಲ ಬಳಿ ನಿಂತು ನೋಡಿದವನು ಇನ್ನೆಲ್ಲೆಲ್ಲಿ ಹಾಗೆ ನಿಂತಿದ್ದನೋ ಅಂತ ಹಳೆಯದನ್ನೆಲ್ಲ ಕೆದಕುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ತಂಗಿ ಇದ್ದಕ್ಕಿದ್ದಂತೆ ಈ ಮನೆಗೆ ಬರುವುದು ಬಿಟ್ಟಳು. ‘ನಾನೇನೂ ಅಂದಿಲ್ಲಪ್ಪ ಅವಳಿಗೆ’ ಅಂದಿದ್ದ. ನಂಬಿ, ಅವಳ ಮೇಲೆಯೇ ಮುನಿಸಿಕೊಂಡಿದ್ದೆ.

ಕೇಳಿಯೇಬಿಟ್ಟೆ. ‘ನನ್ನ ತಂಗಿಗೆ ಆವತ್ತು ನೀವು ನಿಜವಾಗ್ಲೂ ಏನೂ ಅಂದಿಲ್ವಾ?’ ಬಾಯಿಂದ ಇನ್ನೂ ‘ನೀವು’ ಅಂತಲೇ ಬರುತ್ತಿದೆ.

ಇಲ್ಲ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಿದ್ದಾನೆ. ‘ಪೆನ್ನು ಕೆಳಗಿಡು’ ಅನ್ನುತ್ತಿದ್ದಾನೆ. ಇಡುವುದಿಲ್ಲ. ಹೇಳಲಿ, ನಾನು ಬರೆದುಕೊಳ್ಳು—