ಕ್ಲಾಮ್ ಅಪ್

ಜೂನ್ 9, ಸೋಮವಾರ

ಇವತ್ತೂ ಶ್ರೀರಂಗಪಟ್ಣದ ಬಸ್ಸು ಲೇಟು. ಹೋಗೋಷ್ಟರಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ಅರ್ಧ ಆಗಿತ್ತು. ಮೆಹನಾಜ್ ಮಿಸ್ಸು ಬೋರ್ಡ್ ಮೇಲೆ ‘ಕ್ಲಾಮ್ ಅಪ್’ ಅಂತ ಬರೆದಿದ್ರು. ಕ್ಲಾಮ್ ಅಂದ್ರೆ ಕಪ್ಪೆಚಿಪ್ಪಂತೆ. ಮಾತಾಡ್ತಿದ್ದೋರು ಇದ್ದಕ್ಕಿದ್ದಂಗೆ ಬಾಯಿ ಮುಚ್ಕೊಳ್ಳೋದು. ಬಾಯಿ ಮುಚ್ಚೋಕೆ ‘ಅಪ್’ ಯಾಕೆ?

“ಶಟ್ ಅಪ್ ಅಂದ್ರೂ ಅದೇ ಅಲ್ವಾ ಮಿಸ್?”

“ಅದು ಬೇರೆಯವರಿಗೆ ಹೇಳೋದಮ್ಮ. ಇದು ನಮಗೇ ಆಗೋದು. ಹೆದರಿಕೆಗೆ, ನಾಚಿಕೆಗೆ, ಇಲ್ಲಾ ಏನಾದ್ರೂ ಮುಚ್ಚಿಡೋಕೆ.”

ಇದರಲ್ಲಿ ಯಾವುದು ಅಂತ ಕೇಳೋರಿಗೆ ಹೆಂಗೆ ಗೊತ್ತಾಗುತ್ತೆ?

ಜೂನ್ 11, ಬುಧವಾರ

ಸಿದ್ದರಾಜು ಫೋನ್. ಎಂಗೇಜ್‌ಮೆಂಟ್ ಆದಾಗಿಂದ ಇದೇ ಕಥೆ. “ಊಟ ಆಯ್ತಾ” ಅಂತಾರೆ. ಆಮೇಲೆ ಬರೀ ಉಸಿರು. ಮದ್ವೆ ಆದ್ಮೇಲೆ ಕೆಲಸಕ್ಕೆ ಹೋಗ್ಲಾ ಅಂದೆ. ಫೋನ್ ಕಟ್ ಮಾಡಿದ್ರು. ಆಮೇಲೆ ಮೆಸೇಜ್ — “ಹೋಗು. ನಂಗೂ ಖುಷಿ.” ಬೇರೆ ಯಾರಾದ್ರೂ ಇದಾರಾ ಅವರ ಮನಸಲ್ಲಿ...

ಅಪ್ಪನ್ನ ಕೇಳಿದೆ. “ನಾಚ್ಕತಾನೆ ಬುಡವ್ವ” ಅಂತ ಎದ್ದು ಕೊಟ್ಟಿಗೆಗೆ ಹೋಯ್ತು.

ಜೂನ್ 21, ಶನಿವಾರ

ನಿನ್ನೆ ಬೆಳ್ಳೂರಲ್ಲಿ ಸ್ಕೂಲ್ ಇಂಟರ್‌ವ್ಯೂ. ಮುಗಿಸಿ, ಕ್ರಾಸಲ್ಲಿರೋ ಸಿದ್ದರಾಜು ಟೈರ್ ಅಂಗಡಿಗೆ ಹೋದೆ. ಹೇಳಿರ್ಲಿಲ್ಲ. ಲಾರಿ ಡ್ರೈವರೊಬ್ಬ ಯಾವಾಗ ರೆಡಿ ಆಯ್ತದೆ ಅಂತ ಕೇಳ್ತಿದ್ದ.

“ನಾ... ನಾ...” ಸಿದ್ದರಾಜು ಕುತ್ತಿಗೆ ನರ ಉಬ್ಬಿತ್ತು. ಮಾತು ಬರ್ಲಿಲ್ಲ.

“ನಾಳೇನಾ? ಬಿರ್ನೆ ಯೇಳ್ಲಾ, ಲೋಡ್ ಐತೆ.” ಡ್ರೈವರ್ ನಗ್ತಿದ್ದ.

ಮಾತಾಡಿಸ್ದೆ ವಾಪಸ್ ಬಸ್ಸು ಹತ್ತಿದೆ. ಯಾಕೋ. ಬೇರೆ ಹುಡುಗಿ ಇಲ್ಲ ಅಂತ ನಿರಾಳ ಆಯ್ತು. ಹಂಗನ್ನಿಸಿದ್ದಕ್ಕೆ ನಾಚಿಕೆ. ಆಮೇಲೆ ಸಿಟ್ಟು — ಯಾರ ಮೇಲೆ?

ಜೂನ್ 22, ಭಾನುವಾರ

ನಾನೇ ಫೋನ್ ಮಾಡಿದೆ. “ಮಾತು ತಡೆಯುತ್ತೆ ಅಂತ ಯಾಕೆ ಹೇಳ್ಲಿಲ್ಲ?”

ಚೂರು ಚೂರಾಗಿ ಹೇಳಿದ್ರು: “ನಿ... ನಿಮ್ಮಪ್ಪಂಗೆ ಮೊದ್ಲ ದಿನ್ವೇ ಯೇಳಿದ್ದೆ. ನಿಂಗೊತ್ತು ಅಂದ್ಕಂಡಿದ್ದೆ. ಗೊ... ಗೊತ್ತಿದ್ದೂ ಒಪ್ಕಂಡ್ಯಲ್ಲ ಅಂತ...”

ಮುಂದಕ್ಕೆ ಬರ್ಲಿಲ್ಲ. ಮಾತು ಸಿಕ್ಕಾಕೊಂಡಿತ್ತೋ, ಅಳ್ತಿದ್ರೋ.

ಜೂನ್ 23

ಯಾಕೆ ಮುಚ್ಚಿಟ್ಟೆ ಅಂತ ಕೇಳಿದ್ರೆ ಅಪ್ಪ ನನ್ನ ಮುಖ ನೋಡ್ಲಿಲ್ಲ. “ಯೇಳಿದ್ರೆ ನೀನು ಒಪ್ತಿದ್ದಾ?”

ಒಪ್ತಿದ್ನಾ?

“ಬ್ಯಾಡ ಅಂದ್ರೆ ಈಗ್ಲೇ ಯೇಳ್ಬುಡು ರಂಜಿತ. ದೇವಲಾಪುರಕ್ಕೋಗಿ ಅವರ ಮನೇಲಿ ನಾನೇ ಮಾತಾಡ್ತೀನಿ.”

“ನೀನೇನೂ ಮಾತಾಡ್ಬೇಡಪ್ಪ. ನಾನು ಮಾತಾಡ್ತೀನಿ.”

ಜೂನ್ 26, ಗುರುವಾರ

ಸಿದ್ದರಾಜು ಬಂದಿದ್ರು. ಕರಿಘಟ್ಟದ ಮೆಟ್ಟಿಲ ಮೇಲೆ ಕೂತ್ವಿ. “ಗೊತ್ತಿದ್ದೂ ಒಪ್ಪಿದ ಹುಡುಗಿ ನಾನಲ್ಲ” ಅಂದೆ. ತಲೆ ತಗ್ಗಿಸಿದ್ರು. ಆಮೇಲೆ ಏನೋ ಕೇಳೋಕೆ ಹೊರಟ್ರು. “ಈ... ಈ...” ಏನು ಅಂತ ಗೊತ್ತಾಗಿತ್ತು. ನಾನೇ ಹೇಳಿ ಮುಗಿಸಬಹುದಿತ್ತು. ಕಾದೆ.

“ಈ... ಈಗ ಒಪ್ತೀಯಾ?”

“ಮದ್ವೆ ದಿನ ಸ್ವಲ್ಪ ಮುಂದಕ್ಕೆ ಹಾಕೋಣ. ಅಲ್ಲೀವರ್ಗೂ ದಿನಾ ಫೋನ್ ಮಾಡಿ. ಮೆಸೇಜ್ ಬೇಡ.”

ನಕ್ಕರು. ನಾನೇನು ಹೇಳಿದ್ದು? ಒಪ್ಪಿದ್ನಾ, ಮುಂದೂಡಿದ್ನಾ? ಅಪ್ಪಂಗೆ ಏನಂತ ಹೇಳ್ಲಿ... ಫೋನ್ ಬರ್ತಿದೆ. ಅವರೇ. ಎತ್ತಿ ಕಾಯ್ತೀನಿ.