ನಶ್ಯದಂಗಡಿಯಲ್ಲಿ ಭಜನಾ ಮಂಡಳಿ

ಮೈಲಾಪೂರ್, ಚೆನ್ನೈ
ಮಂಗಳವಾರ, 22 ಜುಲೈ 2025

ಪ್ರೀತಿಯ ಜಯಾ,

ನಮ್ಮಪ್ಪ ಅಮ್ಮನಿಗೆ ಕಾಗದ ಬರೆಯುವಾಗ ‘ಚಿ. ಸೌ.’ ಎಂದು ಶುರುಮಾಡಿ, ಮೊದಲು ಆಶೀರ್ವಾದ ಮಾಡಿ, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ನಾನು ನಿನಗೆ ಆಶೀರ್ವಾದ ಮಾಡಿದರೆ ನೀನು ನಾಗಪುರದಲ್ಲಿ ಕೂತು ನಗುತ್ತೀಯ, ಅದಕ್ಕೇ ಬಿಟ್ಟಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಅಲ್ಲಿ ಮಗಳ ಮನೆ ಮೂರನೇ ಮಹಡಿ, ಲಿಫ್ಟು ವಾರಕ್ಕೆ ಎರಡು ದಿನ ಕೆಡುತ್ತದೆ ಎಂದಿದ್ದೆ. ಇಳಿಯಲೇಬೇಡ, ತರಕಾರಿ ಅಳಿಯಂದಿರೇ ತರಲಿ. ಸುಮೇಧಾ ಬಾಣಂತಿ ಎನ್ನುವುದನ್ನು ಮರೆತು ಎ.ಸಿ. ಕೆಳಗೆ ಮಲಗುತ್ತಾಳಂತೆ, ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳು. ನೀನು ಹೇಳಿದರೆ ಕೇಳುವುದಿಲ್ಲ, ಅಪ್ಪ ಬರೆದಿದ್ದಾರೆ ಎನ್ನು. ಕೂಸಿನ ಫೋಟೋ ನೋಡಿದೆ. ಮೂಗು ನನ್ನದೇ. ಬೇಡವೆಂದರೂ ಬಂದುಬಿಟ್ಟಿದೆ, ಏನು ಮಾಡುವುದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಬೀಗರೆಲ್ಲ ಸುತ್ತ ಕೂತು ಕೇಳುತ್ತಾರೆ. ನೀನೂ ಅಷ್ಟೆ, ನನ್ನ ಮೊದಲನೇ ವಾಕ್ಯ ಮುಗಿಯುವಷ್ಟರಲ್ಲಿ ನಿನ್ನ ಮೂರನೇ ವಾಕ್ಯದಲ್ಲಿರುತ್ತೀಯ. ಕಾಗದಕ್ಕಾದರೆ ಅಡ್ಡಬಾಯಿ ಹಾಕುವುದಕ್ಕೆ ಆಗುವುದಿಲ್ಲ. ದಯವಿಟ್ಟು ಪೂರ್ತಿ ಓದು. ಮಧ್ಯದಲ್ಲಿ ಒಂದು ಕಡೆ ನಿನಗೆ ಕೋಪ ಬರುತ್ತದೆ, ಅಲ್ಲಿ ಸ್ವಲ್ಪ ನೀರು ಕುಡಿದು ಮುಂದುವರಿಸು.

ವಿಷಯ ಇಷ್ಟು. ಕಳೆದ ತಿಂಗಳ ಕೊನೆಯ ಸೋಮವಾರ ಅಂಗಡಿಯ ಕ್ಯೂಆರ್ ನಿಂತುಹೋಯಿತು. ಗಿರಾಕಿ ಫೋನು ಹಿಡಿದರೆ ‘ಈ ವ್ಯಾಪಾರಿಗೆ ಹಣ ಕಳಿಸಲಾಗದು’ ಎಂದು ಬರುತ್ತಿತ್ತು. ನೆಟ್‌ವರ್ಕ್ ಇರಬೇಕು ಎಂದುಕೊಂಡು ಸ್ಟಿಕ್ಕರು ಒರೆಸಿದೆ, ಬಿಸಿಲಿಗೆ ತಿರುಗಿಸಿಟ್ಟೆ. ಮಧ್ಯಾಹ್ನ ಕಂಪನಿಯ ಕಾಲ್ ಸೆಂಟರಿಗೆ ಫೋನು ಮಾಡಿದೆ. ತಮಿಳಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಒತ್ತಿ ಒತ್ತಿ ಬೆರಳು ಸವೆದ ಮೇಲೆ ಮಾನಸ ಎಂಬ ಹುಡುಗಿ ಸಿಕ್ಕಳು. ಹೆಸರು ಕೇಳಿ ಸಂತೋಷವಾಗಿ ಕನ್ನಡದವಳೇನಮ್ಮ ಎಂದೆ. ಹೌದು ಅಂಕಲ್, ತುಮಕೂರು ಎಂದಳು. ಅಲ್ಲಿಗೆ ಒಳ್ಳೆಯ ಸುದ್ದಿ ಮುಗಿಯಿತು. ನಮ್ಮ ವ್ಯಾಪಾರ ಅವರ ‘ನಿರ್ಬಂಧಿತ ಪಟ್ಟಿ’ಯಲ್ಲಿದೆಯಂತೆ. ಐದು ವರ್ಷದಿಂದ ಇಲ್ಲದ ಪಟ್ಟಿ ಈಗ ಎಲ್ಲಿಂದ ಬಂತಮ್ಮ ಎಂದರೆ, ಪಾಲಿಸಿ ಅಪ್‌ಡೇಟ್ ಆಗಿದೆ ಅಂಕಲ್ ಎಂದಳು. ಪಟ್ಟಿಯನ್ನು ಜಯಪ್ರಕಾಶ್ ತಮ್ಮ ಫೋನಿನಲ್ಲಿ ತೆಗೆದು ಓದಿಸಿದರು. ದಿನಾ ಬೆಳಗ್ಗೆ ಹತ್ತಕ್ಕೆ ನಮ್ಮ ಅಂಗಡಿಯ ಬೆಂಚಿಗೆ ಬಂದು ಕೂರುವ ಅದೇ ಅಕೌಂಟ್ಸ್ ಆಫೀಸಿನ ಜಯಪ್ರಕಾಶ್, ರಿಟೈರ್ ಆಗಿ ಹನ್ನೆರಡು ವರ್ಷವಾದರೂ ಪ್ಯಾಂಟಿಗೆ ಇಸ್ತ್ರಿ ಬಿಟ್ಟಿಲ್ಲವಲ್ಲ, ಅವರು. ಆ ಪಟ್ಟಿಯಲ್ಲಿ, ಜಯಾ, ನಾನು ಬಂದೂಕು ಮಾರುವವನಿಗೂ ಕೊಳಕು ಚಿತ್ರ ಮಾರುವವನಿಗೂ ಮಧ್ಯೆ ಕೂತಿದ್ದೇನೆ. ರಾಯರ ಮಠದಲ್ಲಿ ಎಲೆ ಹಾಕಿದರೂ ನನಗೆ ಇಂಥ ಪಂಕ್ತಿ ಸಿಕ್ಕಿರಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ನಶ್ಯ ಮಾರುವುದು ಅಪರಾಧವೇ? ಅಲ್ಲ. ಸರ್ಕಾರ ನನ್ನಿಂದ ತೆರಿಗೆ ತೆಗೆದುಕೊಳ್ಳುತ್ತದೆ, ಅದೂ ಅಕ್ಕಿ ಬೇಳೆಯ ತೆರಿಗೆಯಲ್ಲ, ನೆತ್ತಿ ಸುಡುವಂಥ ತೆರಿಗೆ. ಡಬ್ಬಿಯ ಮೇಲೆ ಭಯಂಕರವಾದ ಚಿತ್ರ ಹಾಕು ಎಂದರು, ಹಾಕಿದೆ. ಗಿರಾಕಿ ಬಾಕಿ ಚಿಲ್ಲರೆ ಎಣಿಸುವಾಗ ಆ ಚಿತ್ರ ನೋಡಿ ಬೆಚ್ಚುತ್ತಾನೆ, ಆಮೇಲೆ ಡಬ್ಬಿ ಜೇಬಿಗಿಟ್ಟುಕೊಳ್ಳುತ್ತಾನೆ. ಲೈಸೆನ್ಸು ಇದೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಹಾಗಾದರೆ ಯಾವ ಕಾನೂನು ನನ್ನನ್ನು ತಡೆಯುತ್ತದಮ್ಮ ಎಂದರೆ, ಆ ತುಮಕೂರಿನ ಹುಡುಗಿ ಪಾಪ ಮೆತ್ತಗೆ, ಕಾನೂನಲ್ಲ ಅಂಕಲ್, ಪಾಲಿಸಿ ಎನ್ನುತ್ತಾಳೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದನ್ನು ಇಷ್ಟು ದಿನ ಗಾದೆ ಎಂದುಕೊಂಡಿದ್ದೆ. ಕಾನೂನಾಗಿದ್ದರೆ ವಕೀಲರನ್ನು ಹಿಡಿಯಬಹುದು, ಆಫೀಸಾಗಿದ್ದರೆ ಕಿಟಕಿಯ ಮುಂದೆ ನಿಂತು ಕೂಗಾಡಬಹುದು. ಇವರಿಗೆ ಕಿಟಕಿಯೇ ಇಲ್ಲ. ಇನ್ನು ಮೂರು ಕಂಪನಿಗಳನ್ನು ಕೇಳಿದೆ. ಮೂರೂ ಒಂದೇ ಬಾವಿಯ ನೀರು ಕುಡಿದವು.

ನನಗೆ ಮೈ ಉರಿಯುವುದು ಯಾವುದಕ್ಕೆ ಗೊತ್ತಾ? ಬೀದಿ ಮೂಲೆಯ ಪೆಟ್ಟಿಗೆ ಅಂಗಡಿಯವನು ಬೆಳಗಿನಿಂದ ಸಿಗರೇಟು ಮಾರುತ್ತಾನೆ, ಅವನ ಸ್ಟಿಕ್ಕರು ಝಣಝಣ ಕೆಲಸ ಮಾಡುತ್ತದೆ. ಏಕೆಂದರೆ ಅರ್ಜಿಯಲ್ಲಿ ಅವನು ‘ಟೀ, ಕೂಲ್ ಡ್ರಿಂಕ್ಸ್’ ಎಂದು ಬರೆದಿದ್ದಾನೆ. ನಾನು ಮೊದಲನೇ ದಿನವೇ ‘ನಶ್ಯ’ ಎಂದು ಬರೆದೆ. ಅಪ್ಪ 1951ರಲ್ಲಿ ಬೋರ್ಡು ಬರೆಸಿದಾಗ ಅದನ್ನೇ ಬರೆಸಿದ್ದರು, ನಾನು ಬೇರೆ ಏನು ಬರೆಯಲಿ? ನಿಜ ಹೇಳಿದವನಿಗೆ ಬೀಗ, ಸುಳ್ಳು ಹೇಳಿದವನಿಗೆ ಬೋಣಿ.

ನೀನು ಈಗ ಏನು ಅನ್ನುತ್ತೀಯ ಎಂದು ನನಗೆ ಗೊತ್ತು. ನಿಲ್ಲಲಿ ಬಿಡಿ, ಒಳ್ಳೆಯದೇ ಆಯಿತು. ಮದುವೆಯಾಗಿ ಮೂರನೇ ದಿನ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ನಿಮ್ಮ ಬಟ್ಟೆ ಎಲ್ಲಾ ಒಗೀತೀನಿ, ಆ ಕರ್ಚೀಫ್ ಮಾತ್ರ ಮುಟ್ಟಲ್ಲ.’ ನಲವತ್ತನಾಲ್ಕು ವರ್ಷದಲ್ಲಿ ಅಂಗಡಿಯ ಮೂಲಕ ಒಮ್ಮೆಯೂ ಮನೆಯೊಳಗೆ ಬಂದಿಲ್ಲ ನೀನು, ಪಕ್ಕದ ಸಂದಿಯಲ್ಲೇ ಓಡಾಡಿದೆ. ಹೊಗೆಸೊಪ್ಪು ಹುರಿಯುವ ತುಪ್ಪವನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. ನಾನೇನು ನಶ್ಯ ಅಮೃತ ಎಂದು ವಾದಿಸಿದ್ದೇನೆಯೇ? ಸುಮೇಧಾ ಹುಟ್ಟಿದ ವರ್ಷ ನಾನೇ ಏರಿಸುವುದನ್ನು ಬಿಟ್ಟೆ. ಹದಿನೆಂಟು ತುಂಬದವರು ಎಂದು ಅನುಮಾನ ಬಂದರೆ ಕೊಡುವುದಿಲ್ಲ, ಕೆಮ್ಮುವ ಮುದುಕರನ್ನು ಬೈದು ಕಳಿಸುತ್ತೇನೆ. ಡಾಕ್ಟರು ಬಿಡಿ ಎಂದರೆ ಅದು ಡಾಕ್ಟರ ಕೆಲಸ, ಸರ್ಕಾರ ಮುಚ್ಚು ಎಂದರೆ ಅದು ಸರ್ಕಾರದ ಕೆಲಸ, ನೀನು ಮೂಗು ಮುಚ್ಚಿಕೊಂಡರೆ ಅದು ನಿನ್ನ ಹಕ್ಕು. ನನ್ನ ಹೆಸರೂ ಮುಖವೂ ಗೊತ್ತಿಲ್ಲದ ಯಾರೋ ಒಬ್ಬ ನನ್ನ ವ್ಯಾಪಾರ ಮರ್ಯಾದಸ್ಥರದ್ದಲ್ಲ ಎಂದು ತೀರ್ಮಾನ ಮಾಡುವುದಿದೆಯಲ್ಲ, ಅದನ್ನು ನನಗೆ ನುಂಗುವುದಕ್ಕೆ ಆಗಲಿಲ್ಲ.

ಕಾಸಿಗೆ ಮಾರಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಯಾರ ಜೇಬಿನಲ್ಲಿ ಕಾಸಿದೆ? ಇಪ್ಪತ್ತು ರೂಪಾಯಿ ಡಬ್ಬಿಗೆ ಐನೂರರ ನೋಟು ಚಾಚುತ್ತಾರೆ. ಕುಂಭಕೋಣ, ಸೇಲಂ, ಮೈಸೂರಿಂದ ಪೋಸ್ಟಿನಲ್ಲಿ ತರಿಸಿಕೊಳ್ಳುವ ಹಳೆಯ ಗಿರಾಕಿಗಳು ನನ್ನ ಅರ್ಧ ವ್ಯಾಪಾರ, ಅವರು ಕಾಸನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆಯೇ? ನನ್ನ ಸ್ವಂತ ಫೋನಿಗೆ ಹಾಕಿಸಿಕೊಳ್ಳೋಣವೆಂದರೆ ನನ್ನದು ಗುಂಡಿ ಫೋನು. ಮೂರು ದಿನ ಅಂಗಡಿಯಲ್ಲಿ ಕೂತು ಬೀದಿ ನೋಡಿದೆ. ಹೀಗೇ ನಡೆದರೆ ದೀಪಾವಳಿಗೆ ಬಾಗಿಲು ಹಾಕಬೇಕು ಎಂದು ಲೆಕ್ಕ ಹಾಕುವುದಕ್ಕೆ ಪೆನ್ಸಿಲು ಬೇಕಾಗಿರಲಿಲ್ಲ.

ಇನ್ನು ಇಲ್ಲಿ ನೀರು ಕುಡಿ.

ದೇವರ ಮನೆಯ ಬೀರುವಿನಲ್ಲಿ ನಿಮ್ಮ ಶ್ರೀ ತುಳಸೀ ಮಹಿಳಾ ಭಜನಾ ಮಂಡಳಿಯ ಸ್ಟಿಕ್ಕರು ಇತ್ತು. ರಾಯರ ಆರಾಧನೆಗೆ ಕಾಣಿಕೆ ಎತ್ತುವುದಕ್ಕೆಂದು ನೀವು ಮಾಡಿಸಿದ್ದು. ಖಜಾಂಚಿ ನೀನಾದ್ದರಿಂದ ವಿಳಾಸ ನಮ್ಮ ಮನೆಯದು, ಅಂದರೆ ಅಂಗಡಿಯದೇ, ನಂಬರು ನೀನು ಇಲ್ಲೇ ಬಿಟ್ಟುಹೋದ ಹಳೆಯ ಫೋನಿನದು. ಜೊತೆಗೆ ದುಡ್ಡು ಬಂದರೆ ಕೂಗುವ ಪುಟ್ಟ ಡಬ್ಬ. ನೋಡಿದೆ. ಒಂದು ದಿನ ನೋಡಿ ಸುಮ್ಮನಾದೆ. ಎರಡನೇ ದಿನ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಇಟ್ಟೆ. ಕದ್ದೆ ಎನ್ನಬೇಡ, ಎರವಲು. ಯಾವ ದುಡ್ಡು ನಶ್ಯದ್ದು, ಯಾವುದು ರಾಯರದ್ದು ಎಂದು ಬೇರೆ ಬೇರೆ ಬರೆದಿಟ್ಟಿದ್ದೇನೆ. ಆರಾಧನೆಗೆ ನೀನು ಬರುವುದರೊಳಗೆ ಬೇರೆ ವ್ಯವಸ್ಥೆ ಮಾಡಿ, ಸ್ಟಿಕ್ಕರು ಒರೆಸಿ ಮತ್ತೆ ಬೀರುವಿನಲ್ಲಿ ಇಡುವ ಯೋಚನೆ. ಹನ್ನೊಂದು ದಿನ ಎಷ್ಟು ಚೆನ್ನಾಗಿ ನಡೆಯಿತು ಎನ್ನುತ್ತೀಯ! ಗಿರಾಕಿಯ ಫೋನಿನಲ್ಲಿ ಮಹಿಳಾ ಭಜನಾ ಮಂಡಳಿ ಎಂದು ಬಂದರೆ ಅವನು ಒಮ್ಮೆ ಬೋರ್ಡು ನೋಡುತ್ತಿದ್ದ, ಒಮ್ಮೆ ನನ್ನ ಮೀಸೆ ನೋಡುತ್ತಿದ್ದ. ಆ ಹೂವಿನ ಅಂಗಡಿಯವನು ‘ಏನ್ ಸಾರ್, ಮೂಗುಪೊಡಿ ತಗೊಂಡ್ರೆ ಪುಣ್ಯವೂ ಫ್ರೀಯಾ?’ ಎಂದು ಕೇಳಿದ.

ಕೆಡಿಸಿದ್ದು ಜಯಪ್ರಕಾಶ್. ಆತನ ತಪ್ಪಲ್ಲ, ಆತನ ಅಭ್ಯಾಸ. ಮೂವತ್ತೈದು ವರ್ಷ ಸರ್ಕಾರದ ಬಿಲ್ಲು ತಿರುವಿಹಾಕಿದ ಮನುಷ್ಯ, ದುಡ್ಡು ಕಳಿಸುವಾಗ ಕೆಳಗೆ ಒಂದು ಖಾಲಿ ಸಾಲು ಇರುತ್ತದಲ್ಲ, ಕಾರಣ ಬರೆಯುವುದಕ್ಕೆ, ನಾವು ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ, ಆತ ತಪ್ಪದೆ ತುಂಬುತ್ತಾರೆ. ಹನ್ನೊಂದು ದಿನವೂ ಇಂಗ್ಲಿಷಿನಲ್ಲಿ, ನಶ್ಯ ಒಂದು ಡಬ್ಬಿ, ದಿನಾಂಕ ಸಹಿತ. ಭಜನಾ ಮಂಡಳಿಗೆ. ‘ಎಲ್ಲಾದಕ್ಕೂ ರೆಕಾರ್ಡ್ ಇರಬೇಕಲ್ಲ ಸಾರ್’ ಎಂದರು, ನಾನು ತಲೆ ಚಚ್ಚಿಕೊಂಡಾಗ. ಹನ್ನೆರಡನೇ ದಿನ ನಿನ್ನ ಹಳೆಯ ಫೋನಿಗೆ ಮೆಸೇಜು ಬಂತು. ಮಂಡಳಿಯ ಹಣ ತಡೆಹಿಡಿಯಲಾಗಿದೆ, ಆರು ತಿಂಗಳು ಪರಿಶೀಲನೆ. ಎಂಬತ್ತಾರು ಸಾವಿರ ರೂಪಾಯಿ, ಜಯಾ. ಆಗಸ್ಟ್ ಹತ್ತಕ್ಕೆ ಆರಾಧನೆ. ಅಡುಗೆಯವರಿಗೆ ಮುಂಗಡ, ಹೂವು, ಮುನ್ನೂರು ಎಲೆ ಊಟ, ಎಲ್ಲ ಅದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಅಧ್ಯಕ್ಷೆ ಸುಶೀಲಾಬಾಯಿ ಎರಡು ಸಲ ಬಂದು ಹೋದರು. ಮೊದಲನೇ ಸಲ ನಗುತ್ತಾ ಬಂದರು. ಎರಡನೇ ಸಲ ಕಾಫಿ ಬೇಡ ಎಂದರು. ಮಂಡಳಿಯ ಹೆಂಗಸರು ‘ಖಜಾಂಚಿಯೂ ಊರಲ್ಲಿಲ್ಲ, ಖಜಾನೆಯೂ ಇಲ್ಲ’ ಎಂದು ಮಾತಾಡಿಕೊಳ್ಳುತ್ತಿದ್ದಾರಂತೆ, ಹಾಗೆಂದು ಅವರೇ ನನ್ನ ಮುಖ ನೋಡದೆ ಹೇಳಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ನಿನಗೆ ಏನೂ ಗೊತ್ತಿಲ್ಲ ಎಂದೆ. ಅವರು ಮನೆಯ ದೇವರ ಕಡೆ ಕೈಮುಗಿದು ಎದ್ದು ಹೋದರು. ಇಪ್ಪತ್ತೆರಡು ವರ್ಷ ನೀನು ಆ ಮಂಡಳಿಯ ಒಂದು ರೂಪಾಯಿಗೂ ಕೈ ಹಾಕಿದವಳಲ್ಲ, ರಿಕ್ಷಾ ಬಾಡಿಗೆಯನ್ನೂ ನಿನ್ನ ಕೈಯಿಂದ ಕೊಟ್ಟವಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾನಸಳಿಗೆ ಮತ್ತೆ ಫೋನು ಮಾಡಿದೆ. ಮಾನಸ ರಜೆ. ದೀಕ್ಷಿತಾ ಸಿಕ್ಕಳು, ದೀಕ್ಷಿತಾಳ ಮೇಲಿನವನು ಸಿಕ್ಕ. ಕೊನೆಗೆ ಅವರು ಹೇಳಿದ್ದು ಇದು: ಆ ವಿಳಾಸದಲ್ಲಿ ನಿರ್ಬಂಧಿತ ವ್ಯಾಪಾರ ನಿಂತಿದೆ ಎಂದು ಮಾಲೀಕರು ಬರೆದು ರುಜು ಹಾಕಿ ಕೊಡಬೇಕು, ಬೋರ್ಡು ಇಳಿಸಿದ ಫೋಟೋ ಕಳಿಸಬೇಕು, ಆಮೇಲೆ ಮಂಡಳಿಯ ಹಣ ಬಿಡುತ್ತಾರಂತೆ. ಕೇಳಿದ ತಕ್ಷಣ ನಾನು ಆಡಿದ ಮಾತನ್ನು ಬರೆದರೆ ಈ ಕಾಗದವನ್ನೂ ಆ ಪಟ್ಟಿಗೆ ಸೇರಿಸಿಬಿಡುತ್ತಾರೆ. ಎಪ್ಪತ್ತನಾಲ್ಕು ವರ್ಷದ ಅಂಗಡಿ. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ, ಪೇಪರಿಗೆ ಬರೆಯುತ್ತೇನೆ ಎಂದೆಲ್ಲ ಕೂಗಾಡಿದೆ. ಅವನು ಪಾಪ, ಧನ್ಯವಾದ ಸರ್, ಇನ್ನೇನಾದರೂ ಸಹಾಯ ಬೇಕೇ ಎಂದ.

ಉಳಿದಂತೆ ಎಲ್ಲ ಕ್ಷೇಮ. ಮೋಟಾರು ರಿಪೇರಿ ಆಯಿತು. ಉಪ್ಪಿನಕಾಯಿ ಜಾಡಿಯ ಬಟ್ಟೆ ನೀನು ಹೇಳಿದಂತೆ ಬದಲಾಯಿಸಿದೆ. ತುಳಸಿಗೆ ದಿನಾ ನೀರು ಹಾಕುತ್ತಿದ್ದೇನೆ, ಪ್ರದಕ್ಷಿಣೆ ಮಾತ್ರ ನಿನ್ನ ಲೆಕ್ಕಕ್ಕೆ ಬಾಕಿ ಇದೆ. ಸುಮೇಧಾಳಿಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೆ ನಮಸ್ಕಾರ. ನಿನಗೆ ಏನು ಕಳಿಸಬೇಕೋ ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ, ನೀನೇ ತುಂಬಿಕೋ.

ಇಂತಿ ನಿನ್ನ,
ತಿರುಮಲ

ಮರೆತಿದ್ದು: ಪೋಸ್ಟಾಫೀಸಿನ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಮೇಲೆ ಅಷ್ಟೆಲ್ಲ ಹಾರಾಡಿದೆನಲ್ಲ, ಶುಕ್ರವಾರವೇ ರುಜು ಹಾಕಿಯಾಗಿದೆ. ಬೋರ್ಡು ಇಳಿಸುವಾಗ ಏಣಿ ಹಿಡಿದವರೂ ಫೋಟೋ ತೆಗೆದವರೂ ಜಯಪ್ರಕಾಶ್. ಇವತ್ತು ಬೆಳಗ್ಗೆ ಮಂಡಳಿಯ ದುಡ್ಡು ಬಿಟ್ಟರು, ಸುಶೀಲಾಬಾಯಿ ಬಂದು ಕಾಫಿ ಕುಡಿದರು, ನಿನ್ನ ಹೆಸರು ಮೊದಲಿನಂತೆಯೇ ಇದೆ. ಅಂಗಡಿ ಮುಚ್ಚಿದೆ ಜಯಾ. ನಿನ್ನ ನಲವತ್ತನಾಲ್ಕು ವರ್ಷದ ಪ್ರಾರ್ಥನೆ ಇದು, ನನಗೆ ಗೊತ್ತು. ನಿನಗೆ ಸಂತೋಷವಾಗುತ್ತದೆ, ಆಗಲಿ, ಬೇಡ ಎನ್ನುವುದಿಲ್ಲ. ಬಂದ ಮೇಲೆ ಒಂದು ವಾರ ಮಾತ್ರ ಅದನ್ನು ನನಗೆ ತೋರಿಸಬೇಡ.