ಸಾದಾ ಫ್ಯೂಸ್ ಬಾಕ್ಸ್

ಜೂನ್ 9, ಭಾನುವಾರ
ಗಾಡಿ ವೈರಿಂಗ್ ಅಂಗಡಿಯಿಂದ

ಮುದ್ದಿನ ಪುಟ್ಟಿ,

ಅಮ್ಮನ ಆಶೀರ್ವಾದಗಳು. ನೀನು ಬೈಕ್ ಬಿಟ್ಟುಹೋಗಿ ವಾರವಾಯಿತು, ಅಮ್ಮ ಒಂದು ಸುದ್ದಿಯನ್ನೂ ಕೊಡಲಿಲ್ಲ ಎಂದು ಬೈದುಕೊಳ್ಳಬೇಡ. ಫೋನ್ ಮಾಡಬಹುದಿತ್ತು, ಬೇಕೆಂದೇ ಮಾಡಲಿಲ್ಲ. ಈ ಪತ್ರವನ್ನು ಮನೆಗೆ ಹಾಕದೆ ನಿನ್ನ ಪ್ರಾಣಿಗಳ ಆಸ್ಪತ್ರೆಗೆ ಹಾಕಿದ್ದೂ ಬೇಕೆಂದೇ. ಓದಿ ಅಲ್ಲೇ ಹರಿದುಬಿಡು.

ನಿಮ್ಮಪ್ಪನಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. "ಅಳಿಯಂಗೆ ಎಷ್ಟು ಕಾಳಜಿ ನೋಡಿ, ಹೆಂಡ್ತಿ ಗಾಡೀಗೆ ಎಂಥಾ ಕರೆಂಟ್ ಪೆಟ್ಟಿಗೆ ಹಾಕ್ಸಿದಾನೆ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದರು.

ಆ ಪೆಟ್ಟಿಗೆಯದೇ ವಿಷಯ. ಎರಡು ಹೆಚ್ಚುವರಿ ಲ್ಯಾಂಪು, ಫೋನ್ ಚಾರ್ಜರು, ಕೈ ಬೆಚ್ಚಗಿಡುವ ಹಿಡಿಕೆ, ಇಷ್ಟಕ್ಕೆ ಕರೆಂಟು ಹಂಚಲು ಒಂದು ರಿಲೇ, ನಾಲ್ಕು ಫ್ಯೂಸು ಸಾಕೆಂದು ನಾನು ಅವತ್ತೇ ಬಡಕೊಂಡೆ. "ಅತ್ತೆ, ಅದು ಓಬೀರಾಯನ ಕಾಲದ್ದು. ಇದ್ರಲ್ಲಿ ಫ್ಯೂಸೇ ಇಲ್ಲ. ಒಳಗೆ ಸಿಮ್ ಇದೆ, ಆನ್ ಆಫ್ ಎಲ್ಲಾ ನನ್ನ ಫೋನಲ್ಲೇ" ಎಂದು ನಕ್ಕಿದ್ದ ನಿನ್ನ ಗಂಡ. ಗಾಡಿ ಓಡಿಸುವವಳು ನೀನು, ಫೋನು ಅವನದು. ಥೂ, ನನ್ನ ಬುದ್ಧಿಗೆ ಆಗ ಅದು ಹೊಳೆಯಲಿಲ್ಲ.

ಡ್ಯೂಟಿ ತಡವಾದ ದಿನವೇ ದಾರಿಯಲ್ಲಿ ಲ್ಯಾಂಪ್ ಆರುತ್ತದೆ ಎಂದೆಯಲ್ಲ? ಒಂದೊಂದು ವೈರನ್ನೂ ಎಳೆದು ನೋಡಿದೆ. ಎಲ್ಲೂ ಲೂಸಿಲ್ಲ, ಶಾರ್ಟಿಲ್ಲ. ಗಾಡಿ ಬಿಟ್ಟು ನೀನು ಬಸ್ಸು ಹತ್ತಿದ ಆ ಸಂಜೆ ಲ್ಯಾಂಪ್ ಹಚ್ಚಿಟ್ಟು ಎದುರಿಗೇ ಕೂತೆ. ಫಕ್ಕನೆ ಆರಿತು. ಮೀಟರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನ ಫೋನು.

"ಅತ್ತೆ, ಅವಳು ಇನ್ನೂ ಅಲ್ಲೇ ಇದಾಳಾ? ಗಾಡಿ ಅಲ್ಲೇ ತೋರಿಸ್ತಿದೆ. ಲ್ಯಾಂಪ್ ಆರಿಸಿದ್ರೆ ಬೇಗ ಹೊರಡ್ತಾಳೆ, ಅದಕ್ಕೇ ಆರಿಸಿದೆ."

ದನಿಯಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ ಪುಟ್ಟಿ. ಹಾಲು ತರಲು ಹೇಳುವವನ ಹಾಗೆ ಹೇಳಿದ. "ಬಸ್ಸಲ್ಲಿ ಬರ್ತಿದಾಳಪ್ಪಾ" ಎಂದು ಫೋನ್ ಇಟ್ಟೆ.

ಪೆಟ್ಟಿಗೆ ಕಿತ್ತು ಸಾದಾ ಫ್ಯೂಸ್ ಬಾಕ್ಸ್ ಕೂರಿಸಿದ್ದೇನೆ. ಗಾಡಿಯ ಕೀಲಿ ತಿರುಗಿಸಿದರೆ ಹತ್ತುತ್ತದೆ, ಕೀಲಿ ತೆಗೆದರೆ ಆರುತ್ತದೆ. ಬೇರೆ ಯಾರ ಕೈಗೂ ಸಿಗುವುದಿಲ್ಲ. ಅವನು ಕೇಳಿದರೆ ನನ್ನ ಮೇಲೆ ಹಾಕು, ನಾನು ಮಾತಾಡಿಕೊಳ್ಳುತ್ತೇನೆ. ಬೈಕ್ ಒಯ್ಯಲು ನೀನೊಬ್ಬಳೇ ಬಾ. ಬಂದಮೇಲೆ ವಾಪಸ್ಸು ಹೋಗಲೇಬೇಕೆಂದಿಲ್ಲ, ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ.

ನೂರು ಕಾಲ ಬಾಳು ನನ್ನ ಕಂದಾ.

ನಿನ್ನ
ಅಮ್ಮ

ತಾ.ಕ.: ಪೆಟ್ಟಿಗೆ ಬಿಚ್ಚಿದಾಗ ಹಿಂದೆ ಒಂದು ತುಂಡು ವೈರು ಸಿಕ್ಕಿತು. ಪೆಟ್ಟಿಗೆಯನ್ನು ಬಿಟ್ಟು ಲ್ಯಾಂಪನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ ವೈರು. ಆಮೇಲೆ ಅದನ್ನು ಕತ್ತರಿಸಿದ್ದಾರೆ. ವೈರಿನ ತುದಿಯಲ್ಲಿ ಹಾಕಿದ್ದ ಗಂಟು ನಾನು ನಿನಗೆ ಕಲಿಸಿದ್ದು. ಅಂದರೆ ನಿನಗೆ ಮೊದಲೇ ಎಲ್ಲ ಗೊತ್ತಿತ್ತು. ಗೊತ್ತಿದ್ದೂ "ಲ್ಯಾಂಪ್ ಕೆಟ್ಟಿದೆ, ನೋಡಮ್ಮಾ" ಎಂದಷ್ಟೇ ಹೇಳಿ ಹೋದೆ. ಜೋಡಿಸಿದ್ದು ನೀನು, ಕತ್ತರಿಸಿದ್ದು ಅವನು. ಅದು ಅವನ ಕಣ್ಣಿಗೆ ಬಿದ್ದ ದಿನ ನಿನಗೇನು ಮಾಡಿದ ಮಗಳೇ?